ರೋಗಕ್ಕೊಂದು ತಪ್ಪು ಹುಡುಕುವವರು

ಯಾರಿಗಾದರೂ ದೊಡ್ಡ ಕಾಯಿಲೆ ಬಂತೆಂದು ತಿಳಿದ ಕೂಡಲೇ ನಾವು ಮೊದಲು ಹುಡುಕುವುದು ಕಾರಣವನ್ನು. ಸಕ್ಕರೆ ಕಾಯಿಲೆಯಾದರೆ ಸಿಹಿ ತಿಂದದ್ದು, ಎದೆನೋವಾದರೆ ಸಿಡುಕು ಸ್ವಭಾವ, ಶ್ವಾಸಕೋಶದ ಕ್ಯಾನ್ಸರ್ ಆದರೆ ಬೀಡಿ, ಸಿಗರೇಟು. ಕಾರಣ ಸಿಕ್ಕರೆ ಮನಸ್ಸಿಗೆ ಒಂದು ನೆಮ್ಮದಿ. ನಾವು ಹಾಗೆ ಮಾಡಿಲ್ಲ, ಆದ್ದರಿಂದ ನಮಗೆ ಬರಲಾರದು!

ನಮ್ಮ ಬೀದಿಯ ಗೃಹಿಣಿಯೊಬ್ಬರಿಗೆ ಈ ರೋಗ ಬಂದಾಗ ಆ ನೆಮ್ಮದಿ ಕೆಟ್ಟಿತು. ಅವರು ಸೇದಿದವರಲ್ಲ, ಮನೆಯಲ್ಲೂ ಸೇದುವವರಿರಲಿಲ್ಲ. ತಿಂಗಳುಗಟ್ಟಲೆ ಕೆಮ್ಮಿದರು. ಮೊದಲು ಒಗ್ಗರಣೆಯ ಘಾಟು ಎಂದಾಯಿತು, ಆಮೇಲೆ ಕ್ಷಯವಿರಬಹುದೆಂದು ಮಾತ್ರೆ ನುಂಗಿದ್ದೂ ಆಯಿತು. ಕೊನೆಗೆ ರೋಗ ಯಾವುದೆಂದು ತಿಳಿದಾಗ, ಈ ಜನ್ಮದಲ್ಲಿ ತಪ್ಪು ಕಾಣದವರು ಹಿಂದಿನ ಜನ್ಮಕ್ಕೆ ಹೋದರು. ಇನ್ನು ಕೆಲವರು ದನಿ ತಗ್ಗಿಸಿ, “ವಂಶದಲ್ಲೇ ಇರಬೇಕು ಕಣ್ರೀ, ಮಗಳಿಗೆ ಬೇರೆ ಗಂಡು ನೋಡ್ತಿದ್ದಾರೆ” ಎಂದರು.

ವಿಜ್ಞಾನ ಹೇಳುವುದೇ ಬೇರೆ. ಒಲೆಯ ಹೊಗೆ, ಪಕ್ಕದವರು ಸೇದಿ ಬಿಟ್ಟ ಹೊಗೆ, ನೆಲದಿಂದ ಹೊರಡುವ ರೇಡಾನ್ ಅನಿಲ, ಊರಿನ ಕೆಟ್ಟ ಗಾಳಿ, ಇವೆಲ್ಲ ಈ ರೋಗದ ಅಪಾಯವನ್ನು ಹೆಚ್ಚಿಸಬಲ್ಲವು. ಎಷ್ಟೋ ಸಲ ಇಂಥದ್ದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದು. 2004ರಲ್ಲಿ ಅಮೆರಿಕದ ಸಂಶೋಧಕರು ಕೆಲವು ರೋಗಿಗಳ ಗಡ್ಡೆಯಲ್ಲಿ ಇಜಿಎಫ್‌ಆರ್ ಎಂಬ ಜೀನು ಬದಲಾಗಿರುವುದನ್ನು ಕಂಡರು. ಜೀವಕೋಶಕ್ಕೆ ‘ಬೆಳೆ’ ಎಂದು ಅಪ್ಪಣೆ ಕೊಡುವ ಸ್ವಿಚ್ಚು ಆರದೆ ಉಳಿದಂತೆ ಅದು. ಜೆಫಿಟಿನಿಬ್ ಎಂಬ ಮಾತ್ರೆ ಆ ಸ್ವಿಚ್ಚನ್ನೇ ತಡೆಯುತ್ತದೆ. ಸೇದದವರಲ್ಲಿ, ಹೆಂಗಸರಲ್ಲಿ, ಏಷ್ಯಾದವರಲ್ಲಿ ಈ ಬದಲಾವಣೆ ಹೆಚ್ಚು.

ಹಾಗೆಂದು ಸೇದದವರಿಗೆಲ್ಲ ಈ ಮಾತ್ರೆಯಲ್ಲ. 2009ರಲ್ಲಿ ಪ್ರಕಟವಾದ ಪೂರ್ವ ಏಷ್ಯಾದ ಅಧ್ಯಯನವೊಂದರಲ್ಲಿ, ಬದಲಾವಣೆ ಇದ್ದವರ ರೋಗವನ್ನು ಈ ಮಾತ್ರೆ ಕಿಮೋಥೆರಪಿಗಿಂತ ಹೆಚ್ಚು ಕಾಲ ಹಿಡಿದಿಟ್ಟಿತು. ಬದಲಾವಣೆ ಇಲ್ಲದವರಿಗೆ ಕಿಮೋಥೆರಪಿಯೇ ಮೇಲಾಯಿತು. ಸೇದಿದವರಲ್ಲೂ ಕೆಲವರಿಗೆ ಈ ಬದಲಾವಣೆ ಇರುತ್ತದೆ. ಆದ್ದರಿಂದ ವೈದ್ಯರು ಗಡ್ಡೆಯ ಚೂರನ್ನು ಪರೀಕ್ಷಿಸುತ್ತಾರೆ, ನಡತೆಯನ್ನಲ್ಲ. ಇದು ಸಾಮಾನ್ಯವಾಗಿ ಬದುಕಿನ ನಡುವೆ ಗಡ್ಡೆಯಲ್ಲಿ ಮಾತ್ರ ಆಗುವ ಬದಲಾವಣೆ, ತಾಯಿಯಿಂದ ಮಗಳಿಗೆ ಇಳಿಯುವ ಆಸ್ತಿಯಲ್ಲ. ಹೆಣ್ಣು ನೋಡಲು ಬರುವವರು ಇದನ್ನು ತಿಳಿದರೆ ಸಾಕು.

ಇಲ್ಲಿ ನನ್ನನ್ನು ಕಾಡುವ ಪ್ರಶ್ನೆ ಒಂದಿದೆ. “ಪಾಪ, ಏನೂ ಮಾಡದವರಿಗೆ ಹೀಗಾಯಿತಲ್ಲ” ಎಂದು ಮರುಗುತ್ತೇವೆ. ಹಾಗಾದರೆ ಸೇದಿದವನಿಗೆ ಬಂದದ್ದು ನ್ಯಾಯವೇ? ಹದಿನೈದನೇ ವಯಸ್ಸಿಗೆ ಗೆಳೆಯರ ಜೊತೆ ಬೀಡಿ ಹಚ್ಚಿ, ಬಿಡಲಾಗದೆ ಉಳಿದ ಕೂಲಿಯವನ ಉಸಿರಾಟದ ಸಂಕಟ ಕಡಿಮೆಯೇ? ಸೇದಬೇಡಿ ಎಂದು ಮಕ್ಕಳಿಗೆ ಹೇಳಲೇಬೇಕು. ತರಗತಿಯಲ್ಲಿ ನಾನು ಹೇಳುತ್ತಲೇ ಇದ್ದೇನೆ. ಆದರೆ ಮಗುವಿಗೆ ಹೇಳುವ ಬುದ್ಧಿಮಾತು ಬೇರೆ, ಮಲಗಿದವರ ಮುಂದೆ ಹೇಳುವ ತೀರ್ಪು ಬೇರೆ. ಕರುಣೆಗೆ ಯೋಗ್ಯತಾ ಪರೀಕ್ಷೆ ಇಟ್ಟರೆ ನಮ್ಮಲ್ಲಿ ಎಷ್ಟು ಜನ ತೇರ್ಗಡೆಯಾದೇವು?

ತಪ್ಪು ಹುಡುಕುವುದರಲ್ಲಿ ಹೊತ್ತು ಕಳೆದರೆ ನಿಜವಾದ ಪ್ರಶ್ನೆ ಉಳಿದೇಹೋಗುತ್ತದೆ. ಹರಡಿದ ರೋಗವನ್ನು ಈ ಮಾತ್ರೆಗಳು ಸಾಮಾನ್ಯವಾಗಿ ಪೂರ್ತಿ ಗುಣಪಡಿಸುವುದಿಲ್ಲ. ಹಲವರಲ್ಲಿ ವರ್ಷ, ಎರಡು ವರ್ಷಕ್ಕೆ ರೋಗ ಬೇರೆ ದಾರಿ ಹಿಡಿಯುತ್ತದೆ, ಬೇರೆ ಮಾತ್ರೆ ಬೇಕಾಗುತ್ತದೆ. ಅಂಥ ಒಂದು ಔಷಧಿ ಒಸಿಮರ್ಟಿನಿಬ್. 2024ರ ಜುಲೈ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಅದರ ಆಮದು ಸುಂಕವನ್ನು ಪೂರ್ತಿ ಬಿಟ್ಟಿತು. ಆದರೂ ತಿಂಗಳು ತಿಂಗಳೂ ಕೊಳ್ಳುವುದು ಸಾಮಾನ್ಯ ಸಂಸಾರಕ್ಕೆ ಭಾರವೇ.

ಆ ಭಾರ ಕಂಡೊಡನೆ ನಮ್ಮ ಹೆಣ್ಣುಮಕ್ಕಳು ಆಡುವ ಮಾತು ಒಂದೇ: “ನನಗೇಕೆ ಇಷ್ಟೊಂದು ಖರ್ಚು? ಮಗಳ ಮದುವೆಗಿರಲಿ.” ನಮ್ಮ ಬೀದಿಯಾಕೆಯೂ ಹಾಗೆಯೇ ಅಂದರು. ಅದನ್ನು ತ್ಯಾಗವೆಂದು ಹೊಗಳಿದವರಿದ್ದರು. ಮಗಳು ಮಾತ್ರ ಹೊಗಳಲಿಲ್ಲ. “ಅಪ್ಪನಿಗೆ ಬಂದಿದ್ದರೆ ಹೀಗೆ ಲೆಕ್ಕ ಹಾಕ್ತಿದ್ದೆಯಾ ಅಮ್ಮ?” ಎಂದು ಕೇಳಿದಳು. ತಾಯಿ ಬಹಳ ಹೊತ್ತು ಸುಮ್ಮನಿದ್ದು, ಪರೀಕ್ಷೆಗೆ ಒಪ್ಪಿದರು.

ಮಗಳು ಕೇಳಿದ ಆ ಪ್ರಶ್ನೆಯನ್ನು ಪ್ರತಿ ಮನೆಯಲ್ಲೂ ಒಬ್ಬರಾದರೂ ಕೇಳಬೇಕು.