ಓಣಿಗೊಂದು ತಿಪ್ಪೆ

ಬಲಿಪಾಡ್ಯಮಿಯಂದು ನಮ್ಮ ಹಳ್ಳಿಗಳಲ್ಲಿ ತಿಪ್ಪೆಗೂ ದೀಪ ಇಡುತ್ತಾರೆ. ಹೊಲದ ಮುಂದಿನ ಬೆಳೆ ಅಲ್ಲೇ ಕುಳಿತಿದೆ ಎಂಬುದು ರೈತರಿಗೆ ಗೊತ್ತು. ಅದೇ ಮನೆಯ ಮಕ್ಕಳು ನೌಕರಿ ಹಿಡಿದು ರಾಯಚೂರಿಗೆ ಬಂದ ಮೇಲೆ ಹಳಸಿದ ಅನ್ನ, ಸೊಪ್ಪಿನ ಕಡ್ಡಿ, ಹಣ್ಣಿನ ಸಿಪ್ಪೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಪಕ್ಕದ ಖಾಲಿ ಸೈಟಿಗೆ ಎಸೆಯುತ್ತಾರೆ. ತಿಪ್ಪೆ ಊರಲ್ಲೇ ಉಳಿಯಿತು, ಕಸ ಮಾತ್ರ ಜೊತೆಗೆ ಬಂತು.

ಶಿವರಾತ್ರಿ ಕಳೆಯುತ್ತಿದ್ದಂತೆ ರಾಯಚೂರು, ದೇವದುರ್ಗ, ಮಾನ್ವಿಯ ಓಣಿಗಳಲ್ಲಿ ಬೇವಿನ ಎಲೆ ಉದುರುತ್ತದೆ. ಗುಡಿಸಿ ಬೆಂಕಿ ಹಚ್ಚುವವರೇ ಹೆಚ್ಚು. ಅಡುಗೆಮನೆಯ ಹಸಿ ಕಸದಲ್ಲಿ ಸಾರಜನಕ ಜಾಸ್ತಿ, ಒಣಗಿದ ಎಲೆಯಲ್ಲಿ ಇಂಗಾಲ ಜಾಸ್ತಿ. ಎರಡನ್ನೂ ಪದರ ಪದರವಾಗಿ ಹಾಕಿ ತೇವ ಕಾಯ್ದರೆ ರಾಶಿಯ ಒಡಲು 55 ರಿಂದ 60 ಡಿಗ್ರಿಯವರೆಗೆ ಕಾಯುತ್ತದೆ. ನಾತ ಏಳುವುದಿಲ್ಲ; ಎರಡು ಮೂರು ತಿಂಗಳಲ್ಲಿ ಗೊಬ್ಬರ ಕೈಗೆ ಬರುತ್ತದೆ. ಹಸಿ ಕಸ ಕೊಳೆತು ನಾರುವಾಗ ಅದಕ್ಕೆ ಬೇಕಾದ ಎಲೆಯನ್ನು ನಾವು ಸುಡುತ್ತಿರುತ್ತೇವೆ.

ಇದು ಹೊಸ ವಿದ್ಯೆಯೇನಲ್ಲ. ಪಟ್ಟಣದ ಕಸವನ್ನು ಗೊಬ್ಬರ ಮಾಡುವ 'ಬೆಂಗಳೂರು ಪದ್ಧತಿ'ಯನ್ನು ಸಿ.ಎನ್. ಆಚಾರ್ಯ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ್ದು 1939ರಲ್ಲಿ. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆಯ ನಿವಾಸಿಗಳು ಗೊಬ್ಬರ ಮಾಡುವುದನ್ನು ತಾವೇ ಕಲಿತು ನೆರೆಹೊರೆಯವರಿಗೂ ಕಲಿಸಿದ್ದಾರೆ. ನಮ್ಮ ರಾಯಚೂರಿನಲ್ಲಂತೂ ಕೃಷಿ ವಿಶ್ವವಿದ್ಯಾಲಯವೇ ಇದೆ. ಮಾನ್ವಿಯ ಭತ್ತದ ಗದ್ದೆ, ದೇವದುರ್ಗದ ಹತ್ತಿ ಹೊಲಗಳಿಗೆ ಗೊಬ್ಬರ ಎಷ್ಟಿದ್ದರೂ ಬೇಕು.

ಕೊರತೆ ಇರುವುದು ಮತ್ತೆ ಮತ್ತೆ ಬರುವ ಜನರದ್ದು. ಸ್ವಚ್ಛತಾ ದಿನದಂದು ಪೊರಕೆ ಹಿಡಿದು ಫೋಟೊಕ್ಕೆ ನಿಲ್ಲಲು ಊರೇ ಸೇರುತ್ತದೆ. ಗೊಬ್ಬರದ ಗುಂಡಿಗೆ ಮೊದಲ ದಿನದ ಉತ್ಸಾಹ ಸಾಲದು. ವಾರಕ್ಕೊಮ್ಮೆ ಅದನ್ನು ಮಗುಚಬೇಕು. ನಮ್ಮ ಬಿಸಿಲಿಗೆ ಬೇಗ ಒಣಗುವುದರಿಂದ ನೀರು ಚಿಮುಕಿಸಿ ಗೋಣಿತಾಟು ಹೊದಿಸಬೇಕು. ಯಾರೋ ಹಾಕಿದ ಪ್ಲಾಸ್ಟಿಕ್ ಕವರನ್ನು ಬೇಸರಪಡದೆ ಹೆಕ್ಕಬೇಕು. ಚಪ್ಪಾಳೆ ಸಿಗದ ಈ ಕೆಲಸವೇ ನಿಜವಾದ ಸೇವೆ. ನಾವು ಬೆರೆಸಿ ಕೊಟ್ಟ ಕಸವನ್ನು ಪೌರಕಾರ್ಮಿಕರು ದಿನವೂ ಕೈಯಿಂದ ಬೇರ್ಪಡಿಸುತ್ತಾರೆ ಎಂಬುದು ನೆನಪಿದ್ದರೆ ಅದು ಭಾರವೂ ಅನಿಸದು.

ಓಣಿಯ ನಾಲ್ಕು ಮನೆಯವರು ವಾರಕ್ಕೊಬ್ಬರಂತೆ ಪಾಳಿ ಹಾಕಿಕೊಳ್ಳಲಿ. ಈ ಸಲ ಬೇವಿನ ಎಲೆಗೆ ಕಡ್ಡಿ ಗೀರುವ ಮೊದಲು ಒಂದು ಗುಂಡಿ ತೋಡಿ.