ತಾಯ ಅರಿವೂ ಹೊಲದ ಲೆಕ್ಕವೂ

ಬಡವರ ಮನೆಯ ಕೂಸು ಸೊರಗಿದರೆ, ತಾಯಿತಂದೆಗಳಿಗೆ ಮಕ್ಕಳನ್ನು ಸಾಕುವ ಬಗೆ ತಿಳಿಯದೆಂದು ಉಳ್ಳವರು ಆಡಿಬಿಡುವುದುಂಟು. (ಉಳ್ಳವರ ಕೂಸು ಸೊರಗಿದರೆ ವೈದ್ಯರನ್ನು ಕರೆಯುವರು, ತಾಯಿಯನ್ನು ಹಳಿಯರು.) ಆ ಮಾತು ಪೂರ್ಣ ಸುಳ್ಳೂ ಅಲ್ಲ. ಹುಟ್ಟಿದೊಡನೆ ಎದೆಹಾಲೂಡಿಸುವುದು, ಆರು ತಿಂಗಳು ತುಂಬಿದ ಮೇಲೆ ಮೆತ್ತನೆಯ ಅನ್ನ ಬೇಳೆಗಳನ್ನು ಉಣಿಸುವುದು, ಮಾತಾಡುತ್ತ ಆಡಿಸುವುದು—ಇವು ಕಲಿತು ಬರುವ ವಿದ್ಯೆಗಳೇ. ೧೯೭೫ರಲ್ಲಿ ಮೊದಲಾದ ಅಂಗನವಾಡಿಗಳಲ್ಲಿ ಮಗುವಿಗೆ ಆಹಾರವೂ ತಾಯಿಗೆ ತಿಳಿವಳಿಕೆಯೂ ಜೊತೆಗೂಡಿರುವುದು ಇದಕ್ಕಾಗಿಯೇ.

ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹೊಗೆಸೊಪ್ಪಿನ ಸೀಮೆಯಲ್ಲಿ ಈ ವಿದ್ಯೆಯ ಗತಿಯೇನು? ಮಳೆಗಾಲದಲ್ಲಿ ಮಾಗಿದ ಸೊಪ್ಪು ಯಾರಿಗೂ ಕಾಯುವುದಿಲ್ಲ. ಅದನ್ನು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೇರಿಸಿ ಹಗಲಿರುಳು ಬೆಂಕಿ ನೋಡಿಕೊಳ್ಳಬೇಕು. ನಸುಕಿಗೆ ಕೂಲಿಗೆ ಹೋದ ತಾಯಿ ಕತ್ತಲಾದ ಮೇಲೆ ಮನೆ ಸೇರುವಳು. ಒದ್ದೆ ಸೊಪ್ಪಿನ ನಿಕೋಟಿನ್ ಚರ್ಮದ ಮೂಲಕ ಮೈಗಿಳಿದು ತಲೆಸುತ್ತು, ವಾಂತಿಗಳನ್ನು ತರುವುದು. ಕೈ ಸಾಲದೆಂದು ಜೊತೆಗೆ ಕರೆದೊಯ್ದ ಬಾಲಕನ ಎಳೆಯ ಮೈಗೆ ಅದು ಇನ್ನೂ ಕೇಡು. ಅವನು ಶಾಲೆಯಲ್ಲಿರಬೇಕೆಂದು ಅವಳು ಅರಿಯಳೆ? ಅರಿತಿದ್ದಾಳೆ. ಮುಂಗಡವಾಗಿ ತಂದ ಸಾಲ ಅವಳ ಅರಿವಿಗಿಂತ ದೊಡ್ಡದು.

ಶರಣರ ಬಾಯಲ್ಲಿ ಕಾಯಕವೆಂಬ ಮಾತು ದುಡಿಯುವವರನ್ನು ಎತ್ತಿಹಿಡಿದುದೇ ಹೊರತು ದುಡಿಸುವವರಿಗೆ ನೆವವಾದುದಲ್ಲ. ಮಗುವನ್ನು ಸಾಕುವುದೂ ಕಾಯಕವಾದರೆ ಅದಕ್ಕೂ ಹೊತ್ತು ಬೇಕು. ತಾಯಿಗೆ ಬುದ್ಧಿ ಹೇಳಹೊರಟ ಗೃಹಸ್ಥನು ಮೊದಲು ತನ್ನ ಹೊಲದ ಲೆಕ್ಕವನ್ನು ತೆರೆದು ನೋಡಬೇಕು: ಅವಳಿಗೆ ಸಂದ ಕೂಲಿಯೆಷ್ಟು, ಕೂಸಿಗೆ ಹಾಲೂಡಿಸಲು ಬಿಡುವುಂಟೆ, ಸೊಪ್ಪು ಕಟ್ಟುವ ಸಾಲಿನಲ್ಲಿ ೧೪ ವರ್ಷ ತುಂಬದ ಕೈಗಳೆಷ್ಟು.