ಹೆದೆ ಬದಲಿಸೋದು ಯಾವಾಗ?

ಹೋದ ಸಂಚಿಕೆಯಲ್ಲಿ ನಾನು ಬೇಟೆಗೆ ಹೋಗ್ತೀನಿ ಅಂತ ಬಾಯಿಬಿಟ್ಟಿದ್ದಕ್ಕೆ ಸುಮಾರು ಜನ ಬರೆದಿದ್ದೀರಿ. ಕೊಂದು ತಿನ್ನೋದು ಸರಿಯಾ ಅನ್ನೋದು ನಿಮ್ಮ ಪ್ರಶ್ನೆ. ಅದಕ್ಕೆ ಇವತ್ತು ಉತ್ತರ ಕೊಡಲ್ಲ. ಒಂದು ವರ್ಷದಿಂದ ನನ್ನನ್ನ ಕೊರೀತಿರೋದು ಅದಕ್ಕಿಂತ ಚಿಕ್ಕದು, ಒಂದು ದಾರದ ವಿಷಯ.

ಬಿಲ್ಲಿನ ದಾರಕ್ಕೆ ಕನ್ನಡದಲ್ಲಿ ಹೆದೆ ಅಂತಾರೆ. ರಾಮ ಶಿವಧನುಸ್ಸಿಗೆ ಹೆದೆ ಏರಿಸಿದ ಕತೆ ನಿಮ್ಮ ಅಜ್ಜಿ ಹೇಳಿರಬಹುದು. ನನ್ನದು ಕಾಂಪೌಂಡ್ ಬಿಲ್ಲು. ಮಿಸೌರಿಯ ಹೊಲ್ಲೆಸ್ ವಿಲ್ಬರ್ ಆಲೆನ್ 1969ರಲ್ಲಿ ಪೇಟೆಂಟ್ ಪಡೆದ ಜಾತಿಯದ್ದು. ಎರಡೂ ತುದಿಯಲ್ಲಿ ಕ್ಯಾಮ್ ಅನ್ನೋ ಗಾಲಿಗಳಿರುತ್ತವೆ. 60 ಪೌಂಡ್ ಬಲ ಹಾಕಿ ಎಳೆದರೂ ಪೂರ್ತಿ ಎಳೆದ ಮೇಲೆ ಕೈಯಲ್ಲಿ ಉಳಿಯೋದು 12 ಪೌಂಡ್ ಅಷ್ಟೇ. ಇದಕ್ಕೆ ಹೆದೆ ಹಾಕೋಕೆ ತೋಳ್ಬಲ ಸಾಲದು, ಬೋ ಪ್ರೆಸ್ ಅನ್ನೋ ಯಂತ್ರ ಬೇಕು. ಹಾಗಾಗಿ ಹೆಚ್ಚಿನವರು ಕಾರ್ಖಾನೆಯಿಂದ ಬಂದ ಹೆದೆಯಲ್ಲೇ ವರ್ಷಗಟ್ಟಲೆ ಕಾಲ ತಳ್ತೀವಿ.

ಹೆದೆ ಪಟ್ ಅಂತ ಹರಿಯೋದು ಅಪರೂಪ. ಅದು ಮೆಲ್ಲಗೆ ಉದ್ದವಾಗುತ್ತೆ. ಎಳೆಗಳ ನಡುವೆ ಪೀಪ್ ಅಂತ ಒಂದು ಪುಟ್ಟ ಉಂಗುರ ಕೂರಿಸಿರ್ತಾರೆ, ಅದರ ತೂತಿನಿಂದ ನೋಡಿ ಗುರಿ ಹಿಡಿಯೋದು. ಹೆದೆ ಸಡಿಲಾದಂತೆ ಆ ಉಂಗುರ ವಾರೆಯಾಗಿ ತಿರುಗುತ್ತೆ, ಮೇಲಿನ ಕ್ಯಾಮ್‌ಗೂ ಕೆಳಗಿನದಕ್ಕೂ ತಾಳ ತಪ್ಪುತ್ತೆ, ಬಾಣ ಬೀಳೋ ಜಾಗ ಸರಿಯುತ್ತೆ. ನನ್ನ ಕೆಲಸದಲ್ಲಿ ಇದಕ್ಕೆ ಡ್ರಿಫ್ಟ್ ಅಂತೀವಿ. ಮಾಡೆಲ್ ಕೆಟ್ಟು ನಿಲ್ಲಲ್ಲ, ವಾರವಾರಕ್ಕೂ ಚೂರು ಚೂರು ತಪ್ಪು ಹೇಳ್ತಾ ಹೋಗುತ್ತೆ. ಡ್ಯಾಶ್‌ಬೋರ್ಡ್ ಮಾತ್ರ ಹಸಿರಾಗೇ ಇರುತ್ತೆ.

ಹೋದ ವರ್ಷ ಆಗಸ್ಟ್‌ನಲ್ಲೇ ನನ್ನ ಪೀಪ್ ತಿರುಗೋಕೆ ಶುರುವಾಗಿತ್ತು. ಬೆರಳಲ್ಲಿ ನೆಟ್ಟಗೆ ಮಾಡ್ಕೊಂಡು ಬಿಡ್ತಿದ್ದೆ. ಹೊಸ ಹೆದೆಗೆ ಕೂಲಿ ಸೇರಿ 180 ಡಾಲರ್, ಅಂಗಡಿಗೆ ಒಂದು ಗಂಟೆ ಡ್ರೈವ್. ಹತ್ತು ಬಾಣದಲ್ಲಿ ಎಂಟು ಒಂದು ಅಂಗೈ ಅಗಲದೊಳಗೆ ಬೀಳ್ತಿದ್ದವು. ಸರಾಸರಿ ಚೆನ್ನಾಗಿದೆ, ಈ ಸೀಸನ್ ಮುಗೀಲಿ ಅಂದ್ಕೊಂಡೆ. ಆದರೆ ಜಿಂಕೆ ಮೈಗೆ ಸರಾಸರಿ ಬೀಳಲ್ಲ, ಬೀಳೋದು ಒಂದೇ ಬಾಣ.

ಮಿಷಿಗನ್‌ನಲ್ಲಿ ಬಿಲ್ಲಿನ ಬೇಟೆ ಶುರುವಾಗೋದು ಅಕ್ಟೋಬರ್ 1ಕ್ಕೆ. ಎರಡನೇ ವಾರದ ಒಂದು ಸಂಜೆ, 25 ಗಜ ದೂರದಲ್ಲಿ ಹೆಣ್ಣು ಜಿಂಕೆ. ಬಿಟ್ಟೆ. ಅದು ಬೆನ್ನು ಬಾಗಿಸ್ಕೊಂಡು ಪೊದೆಯೊಳಗೆ ನಡೆದುಹೋಯ್ತು. ಬಾಣ ಸಿಕ್ಕಿತು, ಮೇಲೆ ರಕ್ತಕ್ಕಿಂತ ಹಸಿರು ಲೋಳೆ ಜಾಸ್ತಿ, ಕೆಟ್ಟ ವಾಸನೆ. ಹೊಟ್ಟೆಗೆ ಬಿದ್ದಿತ್ತು. ಶ್ವಾಸಕೋಶಕ್ಕೆ ಬಿದ್ದರೆ ನಿಮಿಷದೊಳಗೆ ಮುಗಿಯುತ್ತೆ, ಹೊಟ್ಟೆಗಾದರೆ ಗಂಟೆಗಟ್ಟಲೆ. ಕಾದೆ, ರಾತ್ರಿ ಹುಡುಕಿದೆ, ಬೆಳಿಗ್ಗೆ ಪಕ್ಕದ ಮನೆಯವರನ್ನ ಕರ್ಕೊಂಡು ಹೋಗಿ ಮತ್ತೆ ಹುಡುಕಿದೆ. ಸಿಗಲಿಲ್ಲ.

ತಪ್ಪು ಹೆದೆಯದ್ದಾ? ಹೇಳೋಕಾಗಲ್ಲ. ಅಷ್ಟು ದೂರ ದಾಟೋಕೆ ಬಾಣಕ್ಕೆ ಕಾಲು ಸೆಕೆಂಡಿನ ಆಸುಪಾಸು ಬೇಕು, ಅಷ್ಟರಲ್ಲಿ ಅದು ಅರ್ಧ ಹೆಜ್ಜೆ ಮುಂದಿಟ್ಟಿರಬಹುದು. ನನ್ನ ಕೈಯೇ ನಡುಗಿರಬಹುದು. ಒಂದೇ ಒಂದು ಘಟನೆ ಇಟ್ಕೊಂಡು ಕಾರಣ ಹುಡುಕಬೇಡಿ ಅಂತ ಆಫೀಸಲ್ಲಿ ಹೊಸಬರಿಗೆ ಪಾಠ ಹೇಳೋನು ನಾನೇ. ಕೆಲವು ದಿನ ಆ ಪಾಠದ ಹಿಂದೆ ಬಚ್ಚಿಟ್ಟುಕೊಂಡಿದ್ದೆ.

1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಇದರ ಬಗ್ಗೆ ಒಂದು ಚರ್ಚೆ ಶುರು ಮಾಡಿದರು. ನೇಗೆಲ್ ಕೊಡೋ ಉದಾಹರಣೆಯಲ್ಲಿ ಒಬ್ಬ ಲಾರಿ ಚಾಲಕ ಬ್ರೇಕ್ ಪರೀಕ್ಷೆ ಮಾಡಿಸಿರಲ್ಲ, ಮಗುವೊಂದು ಅಡ್ಡ ಬರುತ್ತೆ. ಮಗು ಬಾರದೇ ಇದ್ದಿದ್ದರೆ ಅದೇ ಚಾಲಕ, ಅದೇ ಬ್ರೇಕ್, ಅಂಥಾ ಪಶ್ಚಾತ್ತಾಪ ಏನೂ ಇಲ್ಲ. ಇದನ್ನ ಓದುವಾಗ ನನಗೆ ನೆನಪಾಗಿದ್ದು ಕಳೆದುಹೋದ ಜಿಂಕೆ ಅಲ್ಲ, ಅದರ ಹಿಂದಿನ ವರ್ಷದ್ದು. ಅದು ನಲವತ್ತು ಹೆಜ್ಜೆಯೊಳಗೆ ಬಿದ್ದಿತ್ತು. ಫ್ರೀಜರ್ ತುಂಬಿತ್ತು, ಗೆಳೆಯರಿಗೆಲ್ಲ ಸಾರು ಮಾಡಿ ಬಡಿಸಿದ್ದೆ. ಆಗಲೂ ಅದೇ ಕಾರ್ಖಾನೆ ಹೆದೆ, ಆಗಲೂ ಎಳೆ ಮೇಲೆ ಜುಂಗು ಎದ್ದಿತ್ತು, ನಾನು ಮೇಣ ಸವರಿ ಸುಮ್ಮನಾಗಿದ್ದೆ. ಅವತ್ತಿನ ಊಟವನ್ನ ನನ್ನ ಗುರಿಗಾರಿಕೆಗೆ ಸಿಕ್ಕ ಬಹುಮಾನ ಅಂದ್ಕೊಂಡಿದ್ದೆ.

ನಮ್ಮೂರು ಹಾಸನದ ಕಡೆ. ಮಾರಿಹಬ್ಬಕ್ಕೆ ಮನೆಯಲ್ಲಿ ಕುರಿ ಕಡೀತಿದ್ರು. ಹಿಂದಿನ ಸಂಜೆ ತಾತ ಮಸೆಗಲ್ಲಿನ ಮುಂದೆ ಕೂತು ಮಚ್ಚು ಮಸೀತಿದ್ರು, ಅರ್ಧ ಗಂಟೆ, ಒಂದು ಮಾತಿಲ್ಲ. ಇಷ್ಟೊತ್ತು ಯಾಕೆ ತಾತ ಅಂತ ಕೇಳಿದ್ದಕ್ಕೆ, "ಅದ್ಕೆ ಕುತ್ತಿಗೆ ಒಂದೇ ಕಣ್ಲಾ ಇರೋದು" ಅಂದಿದ್ರು. ದಡ್ಡ ಉತ್ತರ ಅನ್ನಿಸಿತ್ತು.

ಹೋದ ವಾರ ಫೋನಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಹರಿಯೋ ತನಕ ಸೀರೆ ಬಿಡದವಳು ನಮ್ಮಮ್ಮ, ಚೆನ್ನಾಗಿರೋ ದಾರ ಯಾಕೆ ಬದಲಿಸ್ದೆ ಅಂತ ಬೈತಾಳೆ ಅಂದ್ಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ: "ಹೊಸ ದಾರ ಹಾಕಿದ್ರೆ ಇನ್ನು ತಪ್ಪಲ್ವಾ ಹಂಗಾದ್ರೆ?"

ತಪ್ಪಬಹುದು ಅಮ್ಮ, ಅಂದೆ.

ಹೊಸ ಹೆದೆ, ಕೇಬಲ್ ಎರಡೂ ಈ ಆಗಸ್ಟ್‌ನಲ್ಲಿ ಹಾಕಿಸಿದೆ. ಹಾಕಿದ ತಕ್ಷಣ ಅದೂ ಸ್ವಲ್ಪ ಸಡಿಲಾಗಿ ಕೂರಬೇಕು, ಆಮೇಲೆ ಕ್ಯಾಮ್ ತಾಳ ನೋಡಿಸಿ, ಪೀಪ್ ಸರಿ ಮಾಡಿ, ಎಲ್ಲಾ ಮೊದಲಿಂದ. ದಿನಾ ಸಂಜೆ ಹಿತ್ತಲಲ್ಲಿ ಹೊಡೀತಿದ್ದೀನಿ. 20 ಗಜಕ್ಕೆ ನಂಬಿಕೆ ಬಂದಿದೆ, 25ಕ್ಕೆ ಇನ್ನೂ ಇಲ್ಲ. ಲೈಸೆನ್ಸ್ ಮಾತ್ರ ಇನ್ನೂ ತಗೊಂಡಿಲ್ಲ.